ಓದುಗರು ಕೇಳಿದ್ದು: ದೋರಸಮುದ್ರವನ್ನು ನಡೆದು ನೋಡುವ ಬಗೆ

ಹಳೇಬೀಡಿನ ಬಗ್ಗೆ ಬಂದ ಪತ್ರಗಳನ್ನು ಈ ಸಲ ಒಟ್ಟಿಗೆ ಎತ್ತಿಕೊಂಡಿದ್ದೇವೆ. ಗುಡಿಯ ಶಿಲ್ಪಕ್ಕಿಂತ ಊರಿನ ಬಗ್ಗೆ, ಅಂದರೆ ಒಂದು ಕಾಲದ ಹೊಯ್ಸಳ ರಾಜಧಾನಿ ದೋರಸಮುದ್ರದ ಬಗ್ಗೆ ಕೇಳಿದ ಪ್ರಶ್ನೆಗಳೇ ಇವುಗಳಲ್ಲಿ ಹೆಚ್ಚು.

ಹಳೇಬೀಡಿಗೆ ನಾಲ್ಕು ಸಲ ಹೋಗಿದ್ದೇವೆ. ಪ್ರತಿ ಸಲವೂ ದೊಡ್ಡ ಗುಡಿಯಲ್ಲಿ ಒಂದು ಗಂಟೆ ಕಳೆದು ಬೇಲೂರಿಗೆ ಓಡುವುದೇ ಆಯಿತು. ಇಡೀ ರಾಜಧಾನಿಯನ್ನು ನಡೆದು ನೋಡಲು ಎಷ್ಟು ಹೊತ್ತು ಬೇಕು? ಎಲ್ಲಿಂದ ಶುರು ಮಾಡಬೇಕು?
— ಅರಸೀಕೆರೆಯ ಓದುಗರು

ಒಂದು ಪೂರ್ತಿ ದಿನ ಬೇಕು. ನಡಿಗೆ ಮಾತ್ರ ಹೆಚ್ಚಿಲ್ಲ. ಊರಾಚೆಯ ಹುಲಿಕೆರೆಯನ್ನು ಬಿಟ್ಟರೆ ಹೋಗಿಬರುವುದೆಲ್ಲ ಸೇರಿ ನಾಲ್ಕು ಕಿಲೋಮೀಟರ್ ಒಳಗೇ ಮುಗಿಯುತ್ತದೆ. ಹೊತ್ತು ಹಿಡಿಯುವುದು ಬಿಸಿಲು ಮತ್ತು ಬೆಳಕು. ಹೆಚ್ಚಿನವರು ಎಡವುವುದೂ ಅಲ್ಲೇ. ಹನ್ನೊಂದು ಗಂಟೆಗೆ ಬಂದಿಳಿದು ಕಾದ ಜಗತಿಯ (ಗುಡಿ ನಿಂತ ಕಲ್ಲುಕಟ್ಟೆಯ) ಮೇಲೆ ಬರಿಗಾಲಲ್ಲಿ ಕುಣಿಯುತ್ತಾ ಅರ್ಧ ಸುತ್ತಿಗೇ ಸುಸ್ತಾಗುತ್ತಾರೆ. ಗುಡಿಯ ಬಾಗಿಲು ಬೆಳಿಗ್ಗೆಯೇ ತೆರೆಯುತ್ತದೆ, ಆರೂವರೆ ಏಳಕ್ಕೆ ಅಲ್ಲಿರಿ. ಅಷ್ಟು ಬೇಗ ಸಾಧ್ಯವಾಗದಿದ್ದರೆ ಒಂದು ಜೊತೆ ದಪ್ಪ ಕಾಲುಚೀಲ ಕಟ್ಟಿಕೊಂಡು ಬನ್ನಿ. ಚಪ್ಪಲಿ ಬಿಡಬೇಕು, ಕಾಲುಚೀಲಕ್ಕೆ ಅಡ್ಡಿಯಿಲ್ಲ.

ಶುರುವನ್ನು ಗುಡಿಯಿಂದ ಮಾಡಬೇಡಿ, ಕೆರೆಯಿಂದ ಮಾಡಿ. ದೋರಸಮುದ್ರ ಎನ್ನುವ ಹೆಸರೇ ಈ ಕೆರೆಯದು, ಹೊಯ್ಸಳರು ಬರುವ ಮೊದಲೇ ರಾಷ್ಟ್ರಕೂಟರ ಕಾಲದಲ್ಲಿ ಕಟ್ಟಿದ್ದು. ನೀರಿದ್ದ ಕಡೆ ರಾಜಧಾನಿ ಬಂದು ಕೂತಿತು. ಅಲ್ಲಿಂದ ಪಶ್ಚಿಮಕ್ಕೆ ತಿರುಗಿದರೆ ದೊಡ್ಡ ಗುಡಿಯ, ಅಂದರೆ ಹೊಯ್ಸಳೇಶ್ವರದ ಪೂರ್ವದ ಮೋರೆ, ಎರಡು ನಂದಿಮಂಟಪ ಕಾಣುತ್ತವೆ. ಬೆಳಗಿನ ಬಿಸಿಲು ಬೀಳುವುದು ಈ ಕಡೆಗೇ, ಹಾಗಾಗಿ ಪೂರ್ವದ ಗೋಡೆಯನ್ನು ಆಗಲೇ ಮುಗಿಸಿಬಿಡಿ. ದಕ್ಷಿಣದ ನಂದಿಮಂಟಪದ ಹಿಂದಿನ ಸೂರ್ಯನ ಗುಡಿಯನ್ನು ಬಿಟ್ಟು ಹೋಗುವವರೇ ಹೆಚ್ಚು, ಅದನ್ನೂ ನೋಡಿ.

ಈ ಗುಡಿ 1121ರ ಸುಮಾರಿಗೆ ಶುರುವಾಯಿತು. ಕಟ್ಟಿಸಿದವನು ಹೊಯ್ಸಳ ಅರಸ ವಿಷ್ಣುವರ್ಧನನ ಅಧಿಕಾರಿ ಕೇತಮಲ್ಲ. ಒಂದು ಗರ್ಭಗುಡಿಗೆ ಅರಸನ ಹೆಸರು, ಇನ್ನೊಂದಕ್ಕೆ ರಾಣಿ ಶಾಂತಲೆಯ ಹೆಸರು. ಇದನ್ನು ನೆನಪಿಟ್ಟುಕೊಂಡು ಮುಂದಕ್ಕೆ ನಡೆಯಿರಿ. ಈ ಊರಿನಲ್ಲಿ ಉಳಿದಿರುವುದರಲ್ಲಿ ಅರ್ಧ ಭಾಗ ಮಂತ್ರಿಗಳು, ದಂಡನಾಯಕರು ಮಾಡಿಸಿದ್ದು.

ದಕ್ಷಿಣ ಬಾಗಿಲಿಗೆ ಬನ್ನಿ. ಅರಮನೆ ನೈಋತ್ಯಕ್ಕಿತ್ತು, ಅರಸ ಬರುತ್ತಿದ್ದುದು ಈ ಬಾಗಿಲಿಂದ. ಕೆತ್ತನೆಯ ಅಬ್ಬರ ಇಲ್ಲೇ ಹೆಚ್ಚಿರುವುದಕ್ಕೆ ಅದೇ ಕಾರಣ. ಇವತ್ತಿನ ಪ್ರವಾಸಿ ನುಗ್ಗುವುದು ಉತ್ತರದಿಂದ, ಅಂದರೆ ಅರಸನ ದಾರಿಗೆ ಬೆನ್ನು ಮಾಡಿ.

ಒಂಬತ್ತರ ಹೊತ್ತಿಗೆ ಬಸದಿಹಳ್ಳಿಗೆ ಹೊರಡಿ, ಅರ್ಧ ಕಿಲೋಮೀಟರಿನಷ್ಟು ದೂರ. ಮೂರು ಬಸದಿಗಳಲ್ಲಿ ಪಾರ್ಶ್ವನಾಥ ಬಸದಿ ಮುಖ್ಯ. ದಂಡನಾಯಕ ಗಂಗರಾಜನ ಮಗ ಬೊಪ್ಪ ತಂದೆಯ ನೆನಪಿಗೆ 1133ರಲ್ಲಿ ಮಾಡಿಸಿದ್ದು. ಪ್ರತಿಷ್ಠೆಯ ಪ್ರಸಾದವನ್ನು ಬಂಕಾಪುರದಲ್ಲಿದ್ದ ವಿಷ್ಣುವರ್ಧನನಿಗೆ ಒಯ್ದರು. ಅವನು ಆಗಷ್ಟೇ ಯುದ್ಧ ಗೆದ್ದಿದ್ದ, ಗಂಡುಮಗುವೂ ಹುಟ್ಟಿತ್ತು. ದೇವರಿಗೆ ವಿಜಯಪಾರ್ಶ್ವ ಎಂದು, ಮಗನಿಗೆ ವಿಜಯನರಸಿಂಹ ಎಂದು ಹೆಸರಿಟ್ಟ ಎನ್ನುತ್ತದೆ ಶಾಸನ. ಜೈನ ದಂಡನಾಯಕನ ಮನೆತನದ ಬಸದಿಗೆ ನಾರಾಯಣನ ಭಕ್ತ ಅರಸನ ಗೆಲುವಿನ ಹೆಸರು! ಆ ಕಾಲದ ರಾಜಕಾರಣ ತಿಳಿಯಬೇಕೆಂದರೆ ಈ ಒಂದು ಶಾಸನದ ಮುಂದೆ ಹತ್ತು ನಿಮಿಷ ನಿಂತರೂ ಸಾಕು. ನವರಂಗದ, ಅಂದರೆ ಒಳಗಿನ ನಡುಮಂಟಪದ ಕಂಬಗಳು ತಿರುಗಣಿಯಲ್ಲಿ ಕಡೆದವು. ಅವುಗಳ ಹೊಳಪಿನಲ್ಲಿ ನಿಮ್ಮ ನೆರಳು ಮೂಡುತ್ತದೆ. ಬೆವರುಗೈಯಲ್ಲಿ ಉಜ್ಜಿ ನೋಡುವ ಚಟ ಬೇಡ.

ಅಲ್ಲಿಂದ ಕೇದಾರೇಶ್ವರಕ್ಕೆ ಐದಾರು ನಿಮಿಷದ ದಾರಿ. ಇಮ್ಮಡಿ ವೀರಬಲ್ಲಾಳ ಮತ್ತು ರಾಣಿ ಅಭಿನವ ಕೇತಲದೇವಿ ಸೇರಿ ಕಟ್ಟಿಸಿದ ತ್ರಿಕೂಟ (ಮೂರು ಗರ್ಭಗುಡಿಯ ಗುಡಿ), 1219ರ ಕಾಲದ್ದು. ಪೂಜೆಯಿಲ್ಲ, ಜನವಿಲ್ಲ, ಹುಲ್ಲುಹಾಸಿನ ನಡುವೆ ಒಂಟಿಯಾಗಿ ನಿಂತಿದೆ. ಕೆತ್ತನೆಯಲ್ಲಿ ದೊಡ್ಡ ಗುಡಿಗಿಂತ ಇದೇ ಹದವಾಗಿದೆ ಎಂಬುದು ನಮ್ಮ ಅಭಿಪ್ರಾಯ. ಒಪ್ಪದವರು ಬಹಳ ಮಂದಿ ಇದ್ದಾರೆ. ಇನ್ನೂ ಶಕ್ತಿಯಿದ್ದರೆ ದಕ್ಷಿಣಕ್ಕೆ ಸುಮಾರು ಎರಡು ಕಿಲೋಮೀಟರ್ ದೂರದ ಹುಲಿಕೆರೆಗೆ ಆಟೊ ಹಿಡಿಯಿರಿ. ಸುತ್ತ ಪುಟ್ಟ ಗುಡಿಗಳನ್ನು ಜೋಡಿಸಿದ ಕಲ್ಯಾಣಿ ಅಲ್ಲಿದೆ. ಮಳೆಗಾಲದಲ್ಲಿ ಮೆಟ್ಟಿಲು ಪಾಚಿ ಹಿಡಿದಿರುತ್ತದೆ, ಕೆಳಗಿಳಿಯಬೇಡಿ.

ಮಧ್ಯಾಹ್ನದ ಬಿಸಿಲಿಗೆ ಊಟ, ಆಮೇಲೆ ಗುಡಿಯ ಆವರಣದ ವಸ್ತುಸಂಗ್ರಹಾಲಯ. ಶುಕ್ರವಾರ ಅದು ಮುಚ್ಚಿರುತ್ತದೆ, ಹಾಗಾಗಿ ಶುಕ್ರವಾರ ಹೋಗಲೇಬೇಡಿ. ಗುಡಿಯ ಒಳಾಂಗಣವನ್ನೂ ಈ ಹೊತ್ತಿಗೇ ಇಟ್ಟುಕೊಳ್ಳಿ. ಜಾಲಂಧ್ರ (ಕಲ್ಲಿನ ಜಾಲರಿ) ಹಾಕಿ ಮುಚ್ಚಿರುವುದರಿಂದ ಒಳಗೆ ಯಾವಾಗಲೂ ಮಬ್ಬು, ಹೊರಗಿನ ಬಿಸಿಲಿಗೂ ಅದಕ್ಕೂ ಸಂಬಂಧವಿಲ್ಲ.

ಪಶ್ಚಿಮದ ಗೋಡೆಯನ್ನು ಮೂರೂವರೆಯ ನಂತರಕ್ಕೆ ಉಳಿಸಿಕೊಳ್ಳಿ. ದೊಡ್ಡ ವಿಗ್ರಹಗಳ ಸಾಲು ಇರುವುದು ಅಲ್ಲೇ. ಬೆಳಿಗ್ಗೆ ಅದು ನೆರಳಲ್ಲಿ ಕಪ್ಪಗಿರುತ್ತದೆ. ಇಳಿಬಿಸಿಲು ಓರೆಯಾಗಿ ಬಿದ್ದಾಗ ಒಂದೊಂದು ಒಡವೆಯ ಮಣಿಯೂ ಎದ್ದು ನಿಲ್ಲುತ್ತದೆ. ಗುಡಿಯನ್ನು ಬಲಕ್ಕಿಟ್ಟುಕೊಂಡು ನಡೆಯಿರಿ. ಬುಡದಿಂದ ಮೇಲಕ್ಕೆ ಪಟ್ಟಿಕೆಗಳು ಹೀಗೆ ಏರುತ್ತವೆ: ಆನೆ, ಸಿಂಹ, ಬಳ್ಳಿ, ಕುದುರೆ ಸವಾರರು, ಮತ್ತೆ ಬಳ್ಳಿ, ಪುರಾಣದ ಕಥೆಗಳು, ಮಕರ, ಹಂಸ. ಆನೆಯ ಸಾಲನ್ನು, ಕುದುರೆಯ ಸಾಲನ್ನು ನಿಧಾನವಾಗಿ ನೋಡಿ. ಯುದ್ಧಕ್ಕೆ ಏನು ಹೊತ್ತು ಹೊರಡುತ್ತಿದ್ದರು, ಆನೆಯನ್ನು ಹೇಗೆ ಸಿಂಗರಿಸುತ್ತಿದ್ದರು ಎಂಬುದೆಲ್ಲ ಮೊಣಕಾಲಿನ ಎತ್ತರದಲ್ಲೇ ಇದೆ. ಕೆಲವು ವಿಗ್ರಹಗಳ ಕೆಳಗೆ ಶಿಲ್ಪಿಗಳ ಹೆಸರೂ ಇದೆ: ಮಣಿಬಲಕಿ, ಬಲ್ಲಣ, ಬೋಚಣ, ಕೇತಣ.

ರಾಜಧಾನಿ ಅಂದಮೇಲೆ ಅರಮನೆ ಇರಬೇಕಲ್ಲ? ಗೈಡ್ ತೋರಿಸಲೇ ಇಲ್ಲ. ಎಲ್ಲವನ್ನೂ ಮಲಿಕ್ ಕಾಫೂರ್ ಸುಟ್ಟ ಎಂದು ಒಂದೇ ಮಾತಿನಲ್ಲಿ ಮುಗಿಸಿದರು.
— ಮೂಡಿಗೆರೆಯ ಓದುಗರು

ತೋರಿಸಲು ಗೋಡೆಯೇ ಇಲ್ಲ. ಗುಡಿಯ ನೈಋತ್ಯದಿಂದ ಬೆಣ್ಣೆಗುಡ್ಡದವರೆಗಿನ ಜಾಗ ಅರಮನೆಯದು. ಅಗೆತದಲ್ಲಿ ಸಿಕ್ಕಿರುವುದು ತಳಪಾಯ ಮಾತ್ರ. ದೇವರಿಗೆ ಕಲ್ಲಿನ ಮನೆ ಕಟ್ಟಿದವರು ತಮಗೆ ಕಟ್ಟಿಕೊಂಡದ್ದು ಕಲ್ಲಿನ ಪೀಠದ ಮೇಲೆ ಮರ, ಇಟ್ಟಿಗೆ, ಮಣ್ಣಿನ ಮನೆಗಳನ್ನು. ಮರ ಸುಟ್ಟೀತು, ಗೆದ್ದಲು ತಿಂದೀತು, ಮಣ್ಣು ಕರಗೀತು. ಬಿಡಿಗಲ್ಲನ್ನು ಆಮೇಲಿನವರು ಮನೆಗೆ, ಕಟ್ಟೆಗೆ ಒಯ್ದಾರು.

ದೆಹಲಿ ಸುಲ್ತಾನನ ಸೇನಾಪತಿ ಕಾಫೂರನ ಕಥೆಯೂ ಅಷ್ಟು ಸರಳವಲ್ಲ. 1311ರಲ್ಲಿ ಅವನು ಬಂದಾಗ ಹೊಯ್ಸಳ ಅರಸ ಮುಮ್ಮಡಿ ಬಲ್ಲಾಳ ಪಾಂಡ್ಯರ ಮನೆಜಗಳದಲ್ಲಿ ಕೈಹಾಕಲು ದಕ್ಷಿಣಕ್ಕೆ ಹೋಗಿದ್ದ. ಧಾವಿಸಿ ಬಂದು, ಎದುರಿಸಿ ಉಳಿಯಲಾರೆನೆಂದು ಸಂಪತ್ತು ಒಪ್ಪಿಸಿ ಸಂಧಿ ಮಾಡಿಕೊಂಡ. ದೆಹಲಿಯ ತುಘಲಕ್ ದಂಡು ಮತ್ತೆ ಬಂದದ್ದು 1320ರ ದಶಕದಲ್ಲಿ. ಆಮೇಲೆ ಬಲ್ಲಾಳ ಹೆಚ್ಚಾಗಿ ತಿರುವಣ್ಣಾಮಲೆಯಲ್ಲಿ ನೆಲೆಸಿದ. ಅರಸ ಬಿಟ್ಟ ಬೀಡು ಹಳೇ ಬೀಡಾಯಿತು.

ನಡೆಯಬಲ್ಲವರಿಗೆ ಕೋಟೆಯ ಗೋಡೆಯ ತುಂಡುಗಳು ಊರಿನ ಹೊರಸುತ್ತಿನಲ್ಲಿ ಹೊಲ, ತೋಟಗಳ ನಡುವೆ ಸಿಗುತ್ತವೆ. ಬೆಣ್ಣೆಗುಡ್ಡದ ಕಡೆ ಸಂಜೆ ಹೋದರೆ ದೊಡ್ಡ ದೊಡ್ಡ ದಿಂಡುಗಲ್ಲುಗಳ ಕಟ್ಟಡ ಕಾಣುತ್ತದೆ. ಹೊಲ ದಾಟುವ ಮುನ್ನ ಅಲ್ಲಿರುವವರನ್ನು ಒಂದು ಮಾತು ಕೇಳಿ. ರಾಗಿ ನಿಂತ ಕಾಲದಲ್ಲಿ ಬದುವಿನ ಮೇಲೆಯೇ ನಡೆಯಿರಿ. ಊರೊಳಗೆ ನಗರೇಶ್ವರ ಎನ್ನುವ ಜಾಗದಲ್ಲಿ ಮಣ್ಣುದಿಬ್ಬ ಅಗೆದಾಗ ಸಿಕ್ಕ ಗುಡಿಗಳ ತಳವಿದೆ. ಮಣ್ಣಿನಡಿ ಇನ್ನೂ ಏನೇನಿರಬಹುದೆಂಬ ಅಂದಾಜು ಅಲ್ಲಿ ಸಿಗುತ್ತದೆ.

ಗುಡಿಯ ಆವರಣದ ಗರುಡಗಂಬವನ್ನು ಗೈಡ್ 'ವಿಜಯಸ್ತಂಭ' ಅಂದರು. ಅದರ ಮೇಲೆ ತಲೆ ಕತ್ತರಿಸಿಕೊಳ್ಳುವ ಚಿತ್ರಗಳಿವೆ. ಇದೆಂಥ ವಿಜಯ?
— ಹಾಸನದ ಓದುಗರು

ನಿಮ್ಮ ಅನುಮಾನ ಸರಿ, ಅದು ವಿಜಯಸ್ತಂಭವಲ್ಲ. ಗರುಡರು ಎಂದರೆ ಅರಸನ ಪ್ರಾಣಕ್ಕೆ ತಮ್ಮ ಪ್ರಾಣ ಕಟ್ಟಿದ ಅಂಗರಕ್ಷಕರು. ಅರಸ ಸತ್ತರೆ ತಾವೂ ಬದುಕಬಾರದೆಂಬ ಭಾಷೆ ಅವರದು. ಕಂಬದ ಶಾಸನ ಹೇಳುವುದು ಇಮ್ಮಡಿ ವೀರಬಲ್ಲಾಳನ ಮಂತ್ರಿಯೂ ದಂಡನಾಯಕನೂ ಆಗಿದ್ದ ಕುವರ ಲಕ್ಷ್ಮನ ವಿಷಯ. 1220ರಲ್ಲಿ ಬಲ್ಲಾಳ ತೀರಿಕೊಂಡ ಮೇಲೆ ಲಕ್ಷ್ಮ, ಹೆಂಡತಿ ಸುಗ್ಗಲದೇವಿ, ಅವನನ್ನು ನಂಬಿದ ವೀರರು ಭಾಷೆಗೆ ತಕ್ಕಂತೆ ಪ್ರಾಣ ಕೊಟ್ಟರು. ಎಡಗಾಲಿಗೆ ಕಟ್ಟಿದ ತೊಡರು (ಕಾಲಕಡಗ) ಆ ಭಾಷೆಯ ಗುರುತು.

ಈ ಊರಿನಲ್ಲಿ ರಾಜಕೀಯದ ಒಂದೇ ಒಂದು ಗುರುತು ನೋಡಿ ಹೊರಡಬೇಕೆಂದರೆ ಇದನ್ನೇ ನೋಡಿ. ಗುಡಿಯ ಗೋಡೆಯ ಮೇಲೆ ದೇವತೆಗಳ ಯುದ್ಧವಿದೆ. ಈ ಕಂಬದಲ್ಲಿರುವುದು ಆಳಿದವನಿಗೂ ಅವನ ಆಳಿಗೂ ನಡುವೆ ಇದ್ದ ಕರಾರು. ಶಾಸನ ನಡುವೆಯೇ ನಿಂತುಹೋಗಿದೆ, ಅದಕ್ಕೆ ಮುಕ್ತಾಯದ ಸಾಲಿಲ್ಲ.

ನಮ್ಮ ಶಾಲೆಯ ಎಂಟನೇ ತರಗತಿಯ 48 ಮಕ್ಕಳನ್ನು ಕರೆದುಕೊಂಡು ಹೋಗಬೇಕು. ಹಿಂದಿನ ವರ್ಷ ಅರ್ಧ ಮಕ್ಕಳಿಗೆ ಏನೂ ಕೇಳಿಸಲಿಲ್ಲ, ಇನ್ನರ್ಧ ಸೆಲ್ಫಿಯಲ್ಲಿ ಕಳೆದರು. ಈ ಸಲ ಹೇಗೆ ಮಾಡಲಿ ಮೇಡಂ/ಸರ್?
— ಚಿಕ್ಕಮಗಳೂರಿನ ಶಿಕ್ಷಕಿ

ಒಬ್ಬ ಗೈಡ್, 48 ಮಕ್ಕಳು ಎಂದರೆ ಕೆಲಸ ಕೆಡುವುದು ಖಚಿತ. ಗೋಡೆ ನಕ್ಷತ್ರದ ಹಾಗೆ ಮೂಲೆ ಮೂಲೆಯಾಗಿ ಒಳಹೊರಗೆ ತಿರುಗುತ್ತದೆ. ಒಂದು ಮೂಲೆಯ ಮುಂದೆ ಹದಿನೈದಿಪ್ಪತ್ತು ಜನಕ್ಕಿಂತ ಹೆಚ್ಚು ನಿಲ್ಲಲು ಆಗುವುದಿಲ್ಲ, ಹಿಂದಿನ ಸಾಲಿನವರಿಗೆ ಮುಂದಿನವರ ತಲೆಯೇ ಶಿಲ್ಪ. 16 ಮಕ್ಕಳ ಮೂರು ಗುಂಪು ಮಾಡಿ. ಒಂದು ಹೊಯ್ಸಳೇಶ್ವರ, ಇನ್ನೊಂದು ಬಸದಿ ಮತ್ತು ಕೇದಾರೇಶ್ವರ, ಮತ್ತೊಂದು ಕೆರೆ ಮತ್ತು ವಸ್ತುಸಂಗ್ರಹಾಲಯ. ಒಂದೂವರೆ ಗಂಟೆಗೊಮ್ಮೆ ಬದಲಾಗಲಿ. ಪ್ರತಿ ಗುಂಪಿಗೆ ಒಬ್ಬ ಶಿಕ್ಷಕರು ಇರಲೇಬೇಕು. ವಸ್ತುಸಂಗ್ರಹಾಲಯ ಬೆಳಿಗ್ಗೆ ತೆರೆಯುವ ಹೊತ್ತು ನೋಡಿಕೊಂಡು ಮೂರನೇ ಗುಂಪನ್ನು ಮೊದಲು ಕೆರೆಗೆ ಕಳಿಸಿ.

ಪ್ರವಾಸೋದ್ಯಮ ಇಲಾಖೆಯ ಗುರುತಿನ ಚೀಟಿ ಇರುವ ಗೈಡನ್ನೇ ಹಿಡಿಯಿರಿ. ದರ, ಎಷ್ಟು ಹೊತ್ತು, ಎಲ್ಲೆಲ್ಲಿಗೆ ಎಂಬ ಮೂರನ್ನೂ ಮೊದಲೇ ಮಾತಾಡಿಕೊಳ್ಳಿ. 'ಹಳೇಬೀಡು ತೋರಿಸಿ' ಎಂದರೆ ಒಂದು ಗುಡಿ ಎಂದೇ ಅವರು ತಿಳಿಯುತ್ತಾರೆ. ಬಸದಿ, ಕೇದಾರೇಶ್ವರದ ಹೆಸರು ಹೇಳಿಯೇ ಗೊತ್ತುಮಾಡಿ. ಶಿಲ್ಪದ ಕೈಯಲ್ಲಿ ದುರ್ಬೀನು ಇದೆ, ರಾಕೆಟ್ ಇದೆ ಎಂಬ ಕಥೆ ಬೇಡವೆಂದೂ ಆಗಲೇ ಹೇಳಿಬಿಡಿ. ಮಕ್ಕಳು ಮನೆಗೆ ಒಯ್ಯುವುದು ಅದೊಂದನ್ನೇ.

ಪ್ರತಿ ಮಗುವಿನ ಕೈಗೆ ಒಂದೇ ಹಾಳೆ ಕೊಡಿ, ಮೂರೇ ಕೆಲಸ: ಒಂದು ಕುದುರೆ ಸವಾರನ ಆಯುಧವನ್ನು ಬರೆಯುವುದು, ಒಬ್ಬ ಶಿಲ್ಪಿಯ ಹೆಸರಿನ ಅಕ್ಷರಗಳನ್ನು ಕಂಡಂತೆ ನಕಲು ಮಾಡುವುದು, ಒಂದು ಗುಡಿಯನ್ನು ಕಟ್ಟಿಸಿದವರ ಹುದ್ದೆ ಕೇಳಿ ತಿಳಿಯುವುದು. ಹತ್ತು ಪ್ರಶ್ನೆಯ ಹಾಳೆ ಕೊಟ್ಟರೆ ಒಬ್ಬ ಬರೆದದ್ದನ್ನು ಉಳಿದ ಹದಿನೈದು ಜನ ಇಳಿಸಿಕೊಳ್ಳುತ್ತಾರೆ.

ವಿಷ್ಣುವರ್ಧನನ ರಾಜಧಾನಿ ಬೇಲೂರೋ ಹಳೇಬೀಡೋ? ಅವನು ಸ್ವತಂತ್ರ ಅರಸನೇ?
— ಕಡೂರಿನ ಓದುಗರು

ಮನೆತನದ ಮೂಲ ನಿಮ್ಮ ಜಿಲ್ಲೆಯದೇ, ಮೂಡಿಗೆರೆ ತಾಲ್ಲೂಕಿನ ಅಂಗಡಿ, ಶಾಸನಗಳ ಸೊಸೆವೂರು. ಅಲ್ಲಿಂದ ಬೇಲೂರು, ದೋರಸಮುದ್ರಕ್ಕೆ ಇಳಿದರು. ವಿಷ್ಣುವರ್ಧನನ ಕಾಲಕ್ಕೆ ಮುಖ್ಯ ನೆಲೆ ದೋರಸಮುದ್ರ, ಬೇಲೂರಿನ ಗೌರವ ಮಾತ್ರ ಕಡಿಮೆಯಾಗಲಿಲ್ಲ. 1116ರಲ್ಲಿ ಚೋಳರಿಂದ ತಲಕಾಡು ಗೆದ್ದು 1117ರಲ್ಲಿ ಚೆನ್ನಕೇಶವ ದೇವರನ್ನು ಪ್ರತಿಷ್ಠೆ ಮಾಡಿದ್ದು ಬೇಲೂರಿನಲ್ಲೇ. ಅಷ್ಟಾದರೂ ಹೆಸರಿಗೆ ಅವನು ಕಲ್ಯಾಣದ ಚಾಲುಕ್ಯರ ಸಾಮಂತ. ಪೂರ್ಣ ಸ್ವತಂತ್ರನಾದವನು ಮೊಮ್ಮಗ ಇಮ್ಮಡಿ ವೀರಬಲ್ಲಾಳ, 1190ರ ದಶಕದಲ್ಲಿ. ಅರಸನ ಒಡ್ಡೋಲಗವನ್ನು ಕಲ್ಲಿನಲ್ಲಿ ನೋಡಬೇಕಾದರೆ ಬೇಲೂರಿಗೇ ಹೋಗಿ, ಚೆನ್ನಕೇಶವನ ಪೂರ್ವ ಬಾಗಿಲ ಪಕ್ಕದ ಜಾಲಂಧ್ರದಲ್ಲಿದೆ. ಹಳೇಬೀಡಿನಿಂದ 16 ಕಿಲೋಮೀಟರ್. ಆದರೆ ಎರಡನ್ನೂ ಒಂದೇ ದಿನ ತುರುಕಬೇಡಿ.

ತಾಯಿಗೆ 72, ಮಂಡಿನೋವು. ಎಷ್ಟು ತೋರಿಸಬಹುದು?
— ಸಕಲೇಶಪುರದ ಓದುಗರು

ಜಗತಿಯ ಮೆಟ್ಟಿಲು ಎತ್ತರ, ಹಿಡಿಯಲು ಕಂಬಿಯನ್ನು ನಂಬಬೇಡಿ. ಒಂದು ಸಲ ಹತ್ತಿಸಿ, ನಂದಿಮಂಟಪದ ನೆರಳಿನಲ್ಲಿ ಕೂರಿಸಿ. ಒಳಗಿನ ದರ್ಶನಕ್ಕೆ ಅಷ್ಟೇ ಹತ್ತಿದರೆ ಸಾಕು. ಬಸದಿಗೆ, ಕೇದಾರೇಶ್ವರಕ್ಕೆ ಗೇಟಿನ ಮುಂದಿನಿಂದಲೇ ಆಟೊ ಮಾಡಿ, ಕಾಯುವ ಹಣವನ್ನೂ ಸೇರಿಸಿ ಮಾತಾಡಿ. ಮಳೆ ಬಿದ್ದ ದಿನ ಬೇಡವೇ ಬೇಡ, ಗುಡಿ ಕಟ್ಟಿದ ಬಳಪದ ಕಲ್ಲು ನೆನೆದರೆ ಸಾಬೂನಿನ ಹಾಗೆ ಜಾರುತ್ತದೆ.

ಶಾಸನದ ಅಕ್ಷರ ಫೋಟೊದಲ್ಲಿ ಬರುವುದೇ ಇಲ್ಲ. ಸೀಮೆಸುಣ್ಣ ಉಜ್ಜಿ ತೆಗೆಯಬಹುದೇ?
— ಹೊಳೆನರಸೀಪುರದ ಓದುಗರು

ಕೂಡದು. ಬಳಪದ ಕಲ್ಲು ಮೆದು, ಉಜ್ಜಿದರೆ ಅಕ್ಷರದ ಅಂಚೇ ಸವೆಯುತ್ತದೆ, ಪುಡಿ ಸಂದಿಯಲ್ಲಿ ಕೂತು ಬರುವುದಿಲ್ಲ. ಎಣ್ಣೆ, ಹಿಟ್ಟು, ನೀರು ಯಾವುದೂ ಬೇಡ. ರಕ್ಷಿತ ಸ್ಮಾರಕಕ್ಕೆ ಹಾನಿ ಮಾಡಿದರೆ 1958ರ ಕಾಯ್ದೆಗೆ 2010ರಲ್ಲಿ ಆದ ತಿದ್ದುಪಡಿಯ ಪ್ರಕಾರ ಎರಡು ವರ್ಷದವರೆಗೆ ಸೆರೆ, ಒಂದು ಲಕ್ಷ ರೂಪಾಯಿವರೆಗೆ ದಂಡವೂ ಇದೆ.

ಬೆಳಕನ್ನು ಓರೆ ಮಾಡಿದರೆ ಕೆಲಸವಾಗುತ್ತದೆ. ಫೋನಿನ ಫ್ಲ್ಯಾಶ್ ಆರಿಸಿ. ಜೊತೆಗಿರುವವರು ಇನ್ನೊಂದು ಫೋನಿನ ಟಾರ್ಚನ್ನು ಕಲ್ಲಿನ ಪಕ್ಕಕ್ಕೆ, ಮೇಲ್ಮೈಗೆ ಹೆಚ್ಚುಕಡಿಮೆ ಸಮಾನವಾಗಿ, ಒಂದಡಿ ದೂರದಲ್ಲಿ ಹಿಡಿಯಲಿ. ಅಕ್ಷರದ ಗುಳಿಯಲ್ಲಿ ನೆರಳು ತುಂಬಿ ಸಾಲು ಕಾಣುತ್ತದೆ. ಒಮ್ಮೆ ಎಡದಿಂದ, ಒಮ್ಮೆ ಮೇಲಿನಿಂದ ಬೆಳಕು ಬಿಟ್ಟು ಎರಡು ಫೋಟೊ ತೆಗೆಯಿರಿ. ಅಡ್ಡಗೆರೆ ಒಂದರಲ್ಲಿ ಮಾಯವಾದರೆ ಇನ್ನೊಂದರಲ್ಲಿ ಸಿಗುತ್ತದೆ. ಗರುಡಗಂಬ ಬಯಲಲ್ಲಿರುವುದರಿಂದ ನಡು ಹಗಲಿನಲ್ಲಿ ಟಾರ್ಚು ಸಾಲದು, ಬೆಳಿಗ್ಗೆ ಎಂಟರೊಳಗೆ ಅಥವಾ ಸಂಜೆ ಐದರ ಸುಮಾರಿಗೆ ಹೋಗಿ. ಟ್ರೈಪಾಡ್ ಹೂಡಲು ಪುರಾತತ್ವ ಇಲಾಖೆಯ ಅನುಮತಿ ಬೇಕು.