ಸಿದ್ಧಾಂತ ಕಡಿಮೆ ಮಾಡಿ, ಡ್ರೇಫಸ್ ಕಥೆ ಹೇಳಿ

ನಮಸ್ಕಾರ.

ರಾಜಕೀಯದಲ್ಲಿ ಅನುಕರಣೆ, ಪೈಪೋಟಿ, ಬಲಿಪಶು ಕುರಿತು ನೀವು ಕಳಿಸಿದ ಲೇಖನ ಓದಿದೆ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಆದರೆ ಕೈಬಿಡುವಂಥ ವಿಷಯವಲ್ಲ, ಅದಕ್ಕೇ ಇಷ್ಟು ಬರೆಯುತ್ತಿದ್ದೇನೆ.

ಮೊದಲ ನಾಲ್ಕು ಪುಟ ಪೂರ್ತಿ ಫ್ರೆಂಚ್ ಚಿಂತಕ ರೆನೆ ಜಿರಾರ್ ಅವರ ಸಿದ್ಧಾಂತ. ಪಕ್ಕದವನು ಬಯಸಿದ್ದನ್ನೇ ನಾವೂ ಬಯಸುತ್ತೇವೆ, ಅದರಿಂದ ಜಗಳ ಹುಟ್ಟುತ್ತದೆ, ಜಗಳ ಕೈಮೀರಿದಾಗ ಎಲ್ಲರೂ ಸೇರಿ ಒಬ್ಬನ ತಲೆಗೆ ತಪ್ಪು ಕಟ್ಟುತ್ತಾರೆ. ಇದಕ್ಕೆ ಒಂದು ಪ್ಯಾರಾ ಸಾಕು. ಅದು ನಡೆಯುವ ಬಗೆ ಓದುಗರಿಗೆ ಕಾಣಬೇಕು.

ಅದೂ ನಿಮ್ಮಲ್ಲೇ ಇದೆ, ಡ್ರೇಫಸ್ ಪ್ರಕರಣಕ್ಕೆ ಕೊಟ್ಟ ಒಂದೇ ಸಾಲಿನಲ್ಲಿ. 1870-71ರ ಯುದ್ಧದಲ್ಲಿ ಜರ್ಮನರ ಎದುರು ಸೋತ ಫ್ರಾನ್ಸ್, ಗೆದ್ದವರನ್ನೇ ನೋಡಿ ತನ್ನ ಸೈನ್ಯವನ್ನು ತಿದ್ದಿಕೊಂಡಿತು. ಯಾರನ್ನು ದ್ವೇಷಿಸುತ್ತಿತ್ತೋ ಅವರ ಹಾಗೇ ಆಗಲು ಹೊರಟಿತ್ತು. 1894ರಲ್ಲಿ ಸೇನೆಯ ಗುಟ್ಟು ಜರ್ಮನ್ ರಾಯಭಾರ ಕಚೇರಿಗೆ ಸೋರಿದ್ದು ಗೊತ್ತಾದಾಗ, ಎಲ್ಲರೂ ಬೆರಳು ತೋರಿದ್ದು ಅದೇ ಸೇನೆಯ ಅಧಿಕಾರಿ ಕ್ಯಾಪ್ಟನ್ ಡ್ರೇಫಸ್ ಕಡೆಗೆ. ಆತ ಯಹೂದಿ. ಹುಟ್ಟೂರು ಮುಲೂಸ್, ಸೋಲಿನ ನಂತರ ಜರ್ಮನಿಯ ಪಾಲಾದ ಊರು. ಮುಂದಿಟ್ಟ ಮುಖ್ಯ ಪುರಾವೆ, ಆ ಕಚೇರಿಯಿಂದ ಸಿಕ್ಕ ಹರಿದ ಚೀಟಿಯೊಂದರ ಕೈಬರಹ. ಅನುಕರಣೆ, ಪೈಪೋಟಿ, ಬಲಿಪಶು ಮೂರೂ ಇಲ್ಲಿ ಒಟ್ಟಿಗಿವೆ. ನೀವು ಸುಮ್ನೆ ಮೂರು ಅಧ್ಯಾಯ ಮಾಡಿದ್ದೀರಿ.

ನಾಯಕರು ಜನರ ದಾರಿ ತಪ್ಪಿಸುತ್ತಾರೆ ಎಂದು ಮತ್ತೆ ಮತ್ತೆ ಬರೆದಿದ್ದೀರಿ. ಅಷ್ಟು ಸುಲಭವಲ್ಲ. ಡ್ರೇಫಸ್ ದ್ರೋಹಿ ಎಂದು ಕೂಗಿದವರಲ್ಲಿ ಬಹಳ ಮಂದಿ ಅದನ್ನು ಮನಸಾರೆ ನಂಬಿದ್ದರು. ತಪ್ಪಿಲ್ಲದವನು ಎಂದು ಗೊತ್ತಿದ್ದರೆ ಅಷ್ಟು ಜನ ಒಟ್ಟಾಗಿ ಕೂಗುವುದು ಕಷ್ಟ, ಅಲ್ವಾ? ಜಿರಾರ್ ಹೇಳಿದ್ದರಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವುದು ಇದೇ. ನೀವು ಬಿಟ್ಟಿರುವುದೂ ಇದನ್ನೇ.

ಪಿಕಾರ್ ಎಂಬ ಅಧಿಕಾರಿಯನ್ನು ಖಂಡಿತ ತನ್ನಿ. ಆತನಿಗೂ ಯಹೂದಿಗಳೆಂದರೆ ಅಷ್ಟಕ್ಕಷ್ಟೇ. 1896ರಲ್ಲಿ ಎಸ್ಟರ್‌ಹಾಜಿ ಎಂಬ ಇನ್ನೊಬ್ಬ ಅಧಿಕಾರಿಯ ಪತ್ರಗಳು ಆತನ ಕೈಗೆ ಬಂದವು. ಚೀಟಿಯ ಬರಹಕ್ಕೆ ಹೋಲಿಸಿ ನೋಡಿದ. ಅದೇ ಕೈ. ಮೇಲಧಿಕಾರಿಗಳಿಗೆ ಹೇಳಿದ್ದಕ್ಕೆ ಕೊನೆಗೆ ಟುನೀಷಿಯಾಗೆ ಸಾಗಹಾಕಿದರು. ಎಲ್ಲರ ನಂಬಿಕೆಯಿಂದ ಒಬ್ಬ ಆಚೆ ಬರುವುದು ಹೇಗೆ ಅಂತ ತೋರಿಸಲು ಬೇರೆ ಘಟನೆ ಬೇಡ. ಡ್ರೇಫಸ್ ಮೇಲಿನ ಕಳಂಕ ಕಾನೂನಿನಲ್ಲಿ ಅಳಿದದ್ದು 1906ರಲ್ಲಿ.

ಇನ್ನು ಕೊನೆಯ ಪುಟ. ನಿಮಗಾಗದ ಪಕ್ಷವೊಂದೇ ಎಲ್ಲ ದ್ವೇಷದ ಮೂಲ ಅಂದಿದ್ದೀರಿ. ಹಿಂದೆ ಕಟ್ಟಿದ ವಾದವೆಲ್ಲ ಅಲ್ಲಿ ಕುಸಿಯುತ್ತದೆ. ಆ ಪುಟ ತೆಗೆಯಿರಿ, ಇಲ್ಲವೇ ನಿಮ್ಮ ಮೆಚ್ಚಿನ ಪಕ್ಷವನ್ನೂ ಅದೇ ಕಣ್ಣಿನಿಂದ ನೋಡಿ ಬರೆಯಿರಿ.

ಸಾವಿರದೈನೂರು ಪದದೊಳಗೆ ತಿದ್ದಿ ಕಳಿಸಿ. ನಾನೇ ಓದುತ್ತೇನೆ.