ಅಳಿಸಬೇಡಿ, ಮೊದಲು ಯುನಿಕೋಡಿಗೆ ತನ್ನಿ

ನಮಸ್ಕಾರ. ಮುಂಬೈ ಬಳಿಯ ಡೊಂಬಿವಲಿಯಲ್ಲಿದ್ದಾಗ 2005ರ ಸುಮಾರಿಗೆ ‘ನುಡಿ’ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದಲ್ಲಿ ಬರೆದ ದಿನಚರಿ ಈಗ ಬರೀ ಇಂಗ್ಲಿಷ್ ಅಕ್ಷರ, ಚಿಹ್ನೆಗಳಾಗಿ ಕಾಣುತ್ತಿದೆ, ಆಗಿನ ಎಳಸು ಬರಹ ನೆನೆದರೆ ಮುಜುಗರ ಬೇರೆ, ಅಳಿಸಿಬಿಡಲೇ ಎಂದು ಕೇಳಿದ್ದೀರಿ. ದಯವಿಟ್ಟು ಬೇಡ.

ಫೈಲ್ ಕೆಟ್ಟಿಲ್ಲ. ಆಗಿನ ನುಡಿ ಫಾಂಟುಗಳಲ್ಲಿ ಇಂಗ್ಲಿಷ್ ಅಕ್ಷರಗಳ ಜಾಗದಲ್ಲೇ ಕನ್ನಡದ ಆಕಾರಗಳು ಕೂತಿರುತ್ತಿದ್ದವು. ಆ ಫಾಂಟ್ ಇಲ್ಲದಿದ್ದರೆ ಹೀಗೇ ಕಾಣುವುದು. ಮೂಲದ ಒಂದು ಪ್ರತಿ ತೆಗೆದಿಟ್ಟು, ನುಡಿಯಿಂದ ಬದಲಿಸುವ ಕನ್ವರ್ಟರ್‌ನಲ್ಲಿ ಹಾಕಿ ಯುನಿಕೋಡ್ (ಹಳೆಯ ನುಡಿ ಫಾಂಟ್ ಇಲ್ಲದೆಯೂ ಕನ್ನಡವಾಗಿಯೇ ಕಾಣುವ ಅಕ್ಷರ ಸಂಕೇತ) ಮಾಡಿಕೊಳ್ಳಿ. ಆಮೇಲೆ ಅರ್ಕಾವತ್ತು, ಒತ್ತಕ್ಷರಗಳನ್ನು ನೋಡಿ. ತಪ್ಪು ಅಲ್ಲೇ ಜಾಸ್ತಿ.

ಬರವಣಿಗೆಯನ್ನು ಮಾತ್ರ ತಿದ್ದಬೇಡಿ. 2005ರ ಜುಲೈ 26ರ ಮುಂಬೈ ಮಳೆಯ ಬಗ್ಗೆಯೂ ಬರೆದಿದ್ದೆ ಎಂದಿದ್ದೀರಲ್ಲ. ಅಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನಕ್ಕೆ 944 ಮಿಲಿಮೀಟರ್ ಸುರಿದದ್ದು ಎಲ್ಲಿ ಹುಡುಕಿದರೂ ಸಿಗುತ್ತದೆ. ಆದರೆ ಲೋಕಲ್ ರೈಲು ನಿಂತ ಮೇಲೆ ಹಳಿಯುದ್ದಕ್ಕೂ ನಿಮ್ಮ ಜೊತೆ ನಡೆದವರು ಯಾರು, ದಾರಿಯಲ್ಲಿ ಚಹಾ ಕೊಟ್ಟವರು ಯಾರು? ಅದು ನಿಮ್ಮ ಪುಟಗಳಲ್ಲಿ ಮಾತ್ರ ಇದ್ದೀತು. ಭಾಷೆ ಎಳಸಾಗಿದ್ದರೆ ಇರಲಿ ಬಿಡಿ, ಆಗಿನ ವಯಸ್ಸೂ ಅಷ್ಟೇ ಅಲ್ವಾ? ನನಗಂತೂ ಅಂಥ ಬರಹವೇ ಹೆಚ್ಚು ಇಷ್ಟ.

ಬೇರೆಯವರ ಮನೆ ವಿಷಯ ಇರುವ ಪುಟಗಳನ್ನು ಹಂಚುವ ಮೊದಲು ಅವರನ್ನು ಒಂದು ಮಾತು ಕೇಳಿ. ಕನ್ವರ್ಟ್ ಆಗದ ಸಾಲುಗಳಿದ್ದರೆ ಇಲ್ಲೇ ಹಾಕಿ, ನೋಡಿ ಹೇಳುತ್ತೇನೆ.