ಸಿಸಿಎನ್ಎ ಪರೀಕ್ಷೆ: ಕೆಲಸ ಬಿಡದೆ, ಊರು ಬಿಡದೆ ತಯಾರಿ

ಪ್ರಶ್ನೆ: ನಾನು ದಾವಣಗೆರೆಯ ವಿನೋಬನಗರದವನು. ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಬಳಿಕ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮುಗಿಸಿದೆ. ಈಗ ಬ್ರಾಡ್‌ಬ್ಯಾಂಡ್ ಸಂಪರ್ಕ ಕೊಡುವ ಸಂಸ್ಥೆಯೊಂದರಲ್ಲಿ ಫೈಬರ್ ಜೋಡಿಸುವ, ರೂಟರ್ ಕೂರಿಸುವ ಕೆಲಸದಲ್ಲಿದ್ದೇನೆ. ಸಿಸಿಎನ್ಎ (ಸಿಸ್ಕೊ ಸಂಸ್ಥೆಯ ನೆಟ್‌ವರ್ಕಿಂಗ್ ಪ್ರಮಾಣಪತ್ರ ಪರೀಕ್ಷೆ) ಪಾಸು ಮಾಡಿಕೊಂಡು ನೆಟ್‌ವರ್ಕ್ ಅಡ್ಮಿನ್ ಆಗಬೇಕೆಂಬ ಆಸೆಯಿದೆ. ಬೆಂಗಳೂರಿನಲ್ಲಿ ಕೋಚಿಂಗ್ ಸೇರಬೇಕೆಂದರೆ ಕೆಲಸ ಬಿಡಬೇಕು. ಪರಿಚಯದವರೊಬ್ಬರು ಪರೀಕ್ಷೆಯ ಪ್ರಶ್ನೆಗಳ ‘ಡಂಪ್’ ಕೊಡುತ್ತೇನೆ, ಬಾಯಿಪಾಠ ಮಾಡಿದರೆ ಒಂದು ತಿಂಗಳಲ್ಲಿ ಪಾಸಾಗಬಹುದು ಎನ್ನುತ್ತಿದ್ದಾರೆ. ಊರಿನಲ್ಲಿದ್ದುಕೊಂಡು ಸ್ವಂತವಾಗಿ ಓದಿ ಪಾಸಾಗಲು ಸಾಧ್ಯವೆ?

ಉತ್ತರ: ಸಾಧ್ಯವಿದೆ, ಮತ್ತು ನಿಮ್ಮ ಪರಿಸ್ಥಿತಿಯಲ್ಲಿ ಅದೇ ಸರಿಯಾದ ದಾರಿಯೆಂದು ನನ್ನ ಅಭಿಪ್ರಾಯ. ಈ ಪರೀಕ್ಷೆಗೆ ಇಂಥದೇ ಪದವಿ ಇರಬೇಕು, ಇಂಥದೇ ಕೋಚಿಂಗ್ ಪಡೆದಿರಬೇಕು ಎಂಬ ಷರತ್ತನ್ನು ಸಿಸ್ಕೊ ಸಂಸ್ಥೆ ಹಾಕಿಲ್ಲ. ಪರೀಕ್ಷೆಯ ಸಂಕೇತ 200-301, ಅವಧಿ 120 ನಿಮಿಷ, ಶುಲ್ಕ 300 ಡಾಲರ್ ಮತ್ತು ಅದರ ಮೇಲಿನ ತೆರಿಗೆ. ನಮ್ಮ ಲೆಕ್ಕದಲ್ಲಿ 30,000 ರೂಪಾಯಿಯ ಆಸುಪಾಸು ಬೀಳುತ್ತದೆ. ಪಾಸಾದರೆ ಪ್ರಮಾಣಪತ್ರ ಮೂರು ವರ್ಷ ಚಾಲ್ತಿಯಲ್ಲಿರುತ್ತದೆ. ಇಷ್ಟು ಹಣ ಕಟ್ಟುವ ಮೊದಲು ಸಿಸ್ಕೊ ಜಾಲತಾಣದಿಂದ ಪರೀಕ್ಷೆಯ ವಿಷಯಪಟ್ಟಿಯನ್ನು ಇಳಿಸಿಕೊಂಡು ಮುದ್ರಿಸಿ ಇಟ್ಟುಕೊಳ್ಳಿ. 2024ರ ಆಗಸ್ಟ್ 20ರಂದು 1.1 ಆವೃತ್ತಿ ಜಾರಿಗೆ ಬಂದಾಗ ಕೆಲವು ವಿಷಯಗಳು ಸೇರಿದವು, ಕೆಲವು ಬಿಟ್ಟುಹೋದವು. ಹಳೆಯ ನೋಟ್ಸ್ ಹಿಡಿದು ಓದುವವರು ಇಲ್ಲಿಯೇ ಎಡವುತ್ತಾರೆ.

ಡಂಪ್ ವಿಚಾರವನ್ನು ಮೊದಲೇ ಸ್ಪಷ್ಟಪಡಿಸುತ್ತೇನೆ, ಅದರ ಸಹವಾಸ ಬೇಡ. ಪರೀಕ್ಷೆಯ ಪ್ರಶ್ನೆಗಳನ್ನು ಹೊರಗೆ ಹಂಚುವುದಿಲ್ಲವೆಂದು ಪ್ರತಿಯೊಬ್ಬ ಅಭ್ಯರ್ಥಿಯೂ ಒಪ್ಪಂದಕ್ಕೆ ಸಮ್ಮತಿಸಿಯೇ ಪರೀಕ್ಷೆಗೆ ಕೂರುತ್ತಾನೆ, ಆದ್ದರಿಂದ ಅಂಥ ಪ್ರಶ್ನೆಗಳನ್ನು ಮಾರುವುದೂ ಕೊಳ್ಳುವುದೂ ನಿಯಮದ ಉಲ್ಲಂಘನೆ. ಸಿಕ್ಕಿಬಿದ್ದರೆ ಪ್ರಮಾಣಪತ್ರ ರದ್ದಾಗಬಹುದು. ಅದಕ್ಕಿಂತ ದೊಡ್ಡ ನಷ್ಟ ಸಂದರ್ಶನದಲ್ಲಿ ಆಗುತ್ತದೆ. ಒಂದು ಸ್ವಿಚ್ಚನ್ನು ಮುಂದಿಟ್ಟು ಎರಡು ವಿಲ್ಯಾನ್ (ಒಂದೇ ಸ್ವಿಚ್ಚಿನೊಳಗೆ ಬೇರ್ಪಡಿಸಿದ ಜಾಲಗಳು) ಮಾಡಿ ತೋರಿಸಿ ಎಂದಾಗ ಬಾಯಿಪಾಠ ಮಾಡಿದ ನೂರು ಉತ್ತರಗಳಲ್ಲಿ ಒಂದೂ ಕೈಹಿಡಿಯುವುದಿಲ್ಲ. ಪರೀಕ್ಷೆಯಲ್ಲಿಯೂ ಆಯ್ಕೆಯ ಪ್ರಶ್ನೆಗಳ ಜೊತೆಗೆ, ಸಾಧನವನ್ನು ಕಾನ್ಫಿಗರ್ ಮಾಡಿಯೇ ಉತ್ತರಿಸಬೇಕಾದ ಲ್ಯಾಬ್ ಪ್ರಶ್ನೆಗಳಿರುತ್ತವೆ.

ನಿಮ್ಮ ದಿನನಿತ್ಯದ ಕೆಲಸ ಈ ಓದಿಗೆ ಎಷ್ಟು ಹತ್ತಿರವಿದೆ ಎಂಬುದನ್ನು ನೀವು ಗಮನಿಸಿರಲಿಕ್ಕಿಲ್ಲ. ಗ್ರಾಹಕರ ಮನೆಯಲ್ಲಿ ಒಎನ್‌ಟಿ (ಫೈಬರ್ ಬಂದು ಸೇರುವ ಪೆಟ್ಟಿಗೆ) ಕೂರಿಸುವಾಗ ಕಚೇರಿಯವರು ಹೇಳಿದ ವಿಲ್ಯಾನ್ ಸಂಖ್ಯೆಯನ್ನು ತುಂಬುತ್ತೀರಿ. ಆ ಸಂಖ್ಯೆ ಏಕೆ ಬೇಕು, ಅದಿಲ್ಲದಿದ್ದರೆ ಫ್ರೇಮ್ (ಜಾಲದಲ್ಲಿ ಸಾಗುವ ಮಾಹಿತಿಯ ತುಣುಕು) ಎಲ್ಲಿ ನಿಲ್ಲುತ್ತದೆ ಎಂದು ಕೇಳಿಕೊಂಡರೆ ಸಿಸಿಎನ್ಎಯ ಒಂದು ಅಧ್ಯಾಯ ಅಲ್ಲಿಯೇ ಆರಂಭವಾಗುತ್ತದೆ. ಹಾಗೆಯೇ, ಮನೆಯ ಸಿಸಿಟಿವಿಯನ್ನು ಹೊರಗಿನಿಂದ ನೋಡಲು ಪೋರ್ಟ್ ಫಾರ್ವರ್ಡ್ (ಹೊರಗಿನ ಸಂಪರ್ಕವನ್ನು ಮನೆಯ ಸಾಧನಕ್ಕೆ ತಿರುಗಿಸುವುದು) ಮಾಡಿದರೂ ಆಗುತ್ತಿಲ್ಲವೆಂದು ಗ್ರಾಹಕರು ದೂರುವುದನ್ನು ನೀವು ಕೇಳಿರಬಹುದು. ಆಗ ರೂಟರಿನ ವ್ಯಾನ್ (ಹೊರಗಿನ ಸಂಪರ್ಕದ) ಪುಟ ತೆರೆದು ಅಲ್ಲಿರುವ ವಿಳಾಸವನ್ನು ನೋಡಿ. ಅದು 100.64ರಿಂದ 100.127ರ ಒಳಗೆ ಆರಂಭವಾಗುವ ವಿಳಾಸವಾಗಿದ್ದರೆ, ಸೇವಾ ಸಂಸ್ಥೆಯವರು ಹಲವು ಗ್ರಾಹಕರನ್ನು ಒಂದೇ ಸಾರ್ವಜನಿಕ ವಿಳಾಸದ ಹಿಂದೆ ಕೂರಿಸಿದ್ದಾರೆ ಎಂದರ್ಥ. ಮನೆಯ ರೂಟರಿನಲ್ಲಿ ಏನು ಬದಲಾಯಿಸಿದರೂ ಹೊರಗಿನ ಸಂಪರ್ಕ ಅಲ್ಲಿಯವರೆಗೆ ತಲುಪುವುದೇ ಇಲ್ಲ. ಪುಸ್ತಕದಲ್ಲಿ ನ್ಯಾಟ್ (ಒಂದು ವಿಳಾಸವನ್ನು ಇನ್ನೊಂದಕ್ಕೆ ಬದಲಿಸುವ ವ್ಯವಸ್ಥೆ) ಎಂದು ಓದುವ ವಿಷಯ ಇದೇ. ಕೆಲಸದಲ್ಲಿ ಕಂಡ ಇಂಥ ಸಮಸ್ಯೆಗಳನ್ನು ಒಂದು ನೋಟ್‌ಪುಸ್ತಕದಲ್ಲಿ ಬರೆದಿಟ್ಟು, ಓದುವಾಗ ಆಯಾ ಅಧ್ಯಾಯಕ್ಕೆ ಹೊಂದಿಸುತ್ತ ಹೋದರೆ ವಿಷಯ ಮರೆಯುವುದಿಲ್ಲ.

ವಿಷಯಪಟ್ಟಿಯ ಆರು ಭಾಗಗಳಿಗೆ ಸಮಾನ ತೂಕವಿಲ್ಲ. ಐಪಿ ಸಂಪರ್ಕ, ಅಂದರೆ ರೂಟಿಂಗ್, ಶೇಕಡ 25. ನೆಟ್‌ವರ್ಕ್ ಮೂಲಾಂಶಗಳು ಮತ್ತು ಸ್ವಿಚಿಂಗ್-ವೈರ್‌ಲೆಸ್ ಸೇರಿದ ಭಾಗ ತಲಾ ಶೇಕಡ 20. ಭದ್ರತೆ ಶೇಕಡ 15. ಐಪಿ ಸೇವೆಗಳು ಮತ್ತು ಆಟೊಮೇಷನ್ ತಲಾ ಶೇಕಡ 10. ಆಟೊಮೇಷನ್ನಿನಲ್ಲಿ ಜೇಸನ್ (ಮಾಹಿತಿಯನ್ನು ಪಠ್ಯವಾಗಿ ಬರೆದಿಡುವ ಕ್ರಮ) ಕಡತವನ್ನು ಓದಲು ಬರಬೇಕು, ಎಪಿಐ (ತಂತ್ರಾಂಶಗಳು ಪರಸ್ಪರ ಮಾತಾಡುವ ವಿಧಾನ) ಮತ್ತು ಕಂಟ್ರೋಲರ್‌ಗಳ (ಅನೇಕ ಸಾಧನಗಳನ್ನು ಒಂದೆಡೆಯಿಂದ ನಿಯಂತ್ರಿಸುವ ತಂತ್ರಾಂಶ) ಪಾತ್ರ ತಿಳಿದಿರಬೇಕು; ಅದಕ್ಕಾಗಿ ಪ್ರೋಗ್ರಾಮಿಂಗ್ ಕಲಿಯಲು ತಿಂಗಳುಗಟ್ಟಲೆ ಕಳೆಯಬೇಡಿ.

ಆದರೆ ಸಬ್‌ನೆಟ್ಟಿಂಗ್ (ಐಪಿ ವಿಳಾಸಗಳನ್ನು ಚಿಕ್ಕ ಜಾಲಗಳಾಗಿ ವಿಭಜಿಸುವ ಲೆಕ್ಕ) ಬಗ್ಗೆ ಯಾವ ರಿಯಾಯಿತಿಯೂ ಇಲ್ಲ. ಕ್ಯಾಲ್ಕುಲೇಟರ್ ಸಿಗುವುದಿಲ್ಲ, ಮತ್ತು ಈ ಲೆಕ್ಕ ರೂಟಿಂಗ್, ಎಸಿಎಲ್ (ಯಾವ ಸಂಚಾರ ಬಿಡಬೇಕು, ಯಾವುದನ್ನು ತಡೆಯಬೇಕು ಎಂಬ ಪಟ್ಟಿ), ನ್ಯಾಟ್ ಎಲ್ಲದರೊಳಗೂ ಬಂದು ಸೇರಿಕೊಳ್ಳುತ್ತದೆ. 192.168.10.77/27 ಎಂಬ ವಿಳಾಸ ಕೊಟ್ಟಿದ್ದಾರೆ ಎಂದುಕೊಳ್ಳಿ. 32 ಬಿಟ್‌ಗಳಲ್ಲಿ 27 ನೆಟ್‌ವರ್ಕಿಗೆ ಹೋದರೆ 5 ಉಳಿಯುತ್ತವೆ, ಎರಡರ ಐದನೆಯ ಘಾತ 32, ಆದ್ದರಿಂದ ನೆಟ್‌ವರ್ಕುಗಳು 0, 32, 64, 96 ಎಂದು ಮೂವತ್ತೆರಡರ ಮಗ್ಗಿಯಲ್ಲಿ ಸಾಗುತ್ತವೆ. 77 ಬೀಳುವುದು 64ರ ಗುಂಪಿನಲ್ಲಿ. ನೆಟ್‌ವರ್ಕ್ ವಿಳಾಸ 64, ಬ್ರಾಡ್‌ಕಾಸ್ಟ್ (ಎಲ್ಲ ಸಾಧನಗಳಿಗೂ ಒಟ್ಟಿಗೆ ಕಳಿಸುವ ವಿಳಾಸ) 95, ಸಾಧನಗಳಿಗೆ ಕೊಡಬಹುದಾದವು 65ರಿಂದ 94ರವರೆಗಿನ 30 ವಿಳಾಸಗಳು. ಇಷ್ಟನ್ನು ಅರ್ಧ ನಿಮಿಷದೊಳಗೆ ಮಾಡುವಷ್ಟು ಕೈ ಪಳಗಬೇಕು. ದಿನಕ್ಕೆ ಹತ್ತು ಲೆಕ್ಕ ಸಾಕು, ಆದರೆ ಒಂದು ದಿನವೂ ತಪ್ಪಬಾರದು. ಕನ್ನಡ ಮಾಧ್ಯಮದಲ್ಲಿ ಓದಿದ್ದರ ಅಳುಕು ನಿಮಗಿದ್ದರೆ, ಈ ಲೆಕ್ಕಕ್ಕೆ ಯಾವ ಮಾಧ್ಯಮದ ಹಂಗೂ ಇಲ್ಲವೆಂಬುದನ್ನು ನೆನಪಿಡಿ.

ರೂಟಿಂಗ್‌ನಲ್ಲಿ ಹೆಚ್ಚು ಜನ ತಪ್ಪುವ ಒಂದು ಜಾಗವಿದೆ. ರೂಟರಿನ ಬಳಿ 10.1.0.0/16ಕ್ಕೆ ಸ್ಟ್ಯಾಟಿಕ್ (ಕೈಯಿಂದ ಬರೆದ) ಮಾರ್ಗ, 10.1.1.0/24ಕ್ಕೆ ಒಎಸ್‌ಪಿಎಫ್ (ರೂಟರುಗಳು ತಾವೇ ಮಾತಾಡಿಕೊಂಡು ಕಲಿಯುವ) ಮಾರ್ಗ ಇವೆ, 10.1.1.5ಕ್ಕೆ ಹೋಗುವ ಪ್ಯಾಕೆಟ್ ಯಾವುದನ್ನು ಹಿಡಿಯುತ್ತದೆ? ಸ್ಟ್ಯಾಟಿಕ್ ಮಾರ್ಗದ ಅಡ್ಮಿನಿಸ್ಟ್ರೇಟಿವ್ ಡಿಸ್ಟೆನ್ಸ್ (ಮಾರ್ಗವನ್ನು ಎಷ್ಟು ನಂಬಬಹುದೆಂಬ ಅಂಕಿ) 1, ಒಎಸ್‌ಪಿಎಫ್‌ನದು 110, ಕಡಿಮೆಯಿದ್ದದ್ದೇ ಗೆಲ್ಲುತ್ತದೆ ಎಂದು ಕಂಠಪಾಠ ಮಾಡಿದವರು ಸ್ಟ್ಯಾಟಿಕ್ ಎಂದು ಗುರುತು ಹಾಕಿಬಿಡುತ್ತಾರೆ. ಆ ಹೋಲಿಕೆ ನಡೆಯುವುದು ಒಂದೇ ನೆಟ್‌ವರ್ಕ್, ಒಂದೇ ಮಾಸ್ಕ್ (ಇಲ್ಲಿನ /16, /24ರಂಥ ಭಾಗ) ಇರುವ ಮಾರ್ಗಗಳ ನಡುವೆ ಮಾತ್ರ. ಇಲ್ಲಿ ಎರಡು ಬೇರೆ ಬೇರೆ ಮಾಸ್ಕುಗಳಿರುವುದರಿಂದ ಎರಡೂ ಟೇಬಲ್ಲಿನಲ್ಲಿ ಕುಳಿತಿರುತ್ತವೆ, ಪ್ಯಾಕೆಟ್ ಹೆಚ್ಚು ನಿಖರವಾದ /24ನ್ನೇ ಹಿಡಿಯುತ್ತದೆ.

ಅಭ್ಯಾಸಕ್ಕೆ ಹಳೆಯ ರೂಟರ್, ಸ್ವಿಚ್ ಕೊಳ್ಳುವ ಖರ್ಚು ಬೇಡ. ಸಿಸ್ಕೊ ನೆಟ್‌ವರ್ಕಿಂಗ್ ಅಕಾಡೆಮಿಯಲ್ಲಿ ಖಾತೆ ತೆರೆದರೆ ಪ್ಯಾಕೆಟ್ ಟ್ರೇಸರ್ (ಕಂಪ್ಯೂಟರಿನಲ್ಲಿಯೇ ನೆಟ್‌ವರ್ಕ್ ಕಟ್ಟಿ ನೋಡುವ ತಂತ್ರಾಂಶ) ಉಚಿತವಾಗಿ ಸಿಗುತ್ತದೆ, ಸಾಧಾರಣ ಲ್ಯಾಪ್‌ಟಾಪಿನಲ್ಲಿಯೂ ಅದು ನಡೆಯುತ್ತದೆ. ಅದರಲ್ಲಿ ಕಟ್ಟಿದ ನೆಟ್‌ವರ್ಕ್ ಕೆಲಸ ಮಾಡಿದ ಕೂಡಲೇ ಮುಚ್ಚಿಡದೆ, ಬೇಕೆಂದೇ ಕೆಡಿಸಿ ನೋಡಬೇಕೆಂಬುದು ನನ್ನ ಒತ್ತಾಯದ ಸಲಹೆ. ಒಎಸ್‌ಪಿಎಫ್ ನೆರೆ ಸಂಬಂಧ ಕೂಡಿದ ಮೇಲೆ ಒಂದು ರೂಟರಿನ ಏರಿಯಾ (ಒಎಸ್‌ಪಿಎಫ್ ಗುಂಪು) ಸಂಖ್ಯೆ ಬದಲಾಯಿಸಿ, ಇನ್ನೊಮ್ಮೆ ಹಲೋ ಟೈಮರ್ (ನೆರೆ ರೂಟರಿಗೆ ಎಷ್ಟು ಸೆಕೆಂಡಿಗೊಮ್ಮೆ ಸಂದೇಶ ಕಳಿಸಬೇಕೆಂಬುದು) 10 ಇದ್ದದ್ದನ್ನು 15 ಮಾಡಿ, ಮತ್ತೊಮ್ಮೆ ಮಾಸ್ಕ್ ತಪ್ಪಿಸಿ, ಪ್ರತಿ ಸಲ ‘ಶೋ ಐಪಿ ಒಎಸ್‌ಪಿಎಫ್ ನೇಬರ್’ ಕೊಟ್ಟು ಏನಾಯಿತೆಂದು ನೋಡಿ. ಹಲವು ವಿಲ್ಯಾನ್‌ಗಳನ್ನು ಒಂದೇ ತಂತಿಯಲ್ಲಿ ಸಾಗಿಸುವ ಟ್ರಂಕ್ ಪೋರ್ಟಿನಲ್ಲಿಯೂ ಹೀಗೆಯೇ. 10 ಮತ್ತು 20ನೆಯ ವಿಲ್ಯಾನ್‌ಗಳು ಹಾಯುತ್ತಿರುವ ಟ್ರಂಕಿಗೆ 30ನ್ನು ಸೇರಿಸುವಾಗ ‘ಸ್ವಿಚ್‌ಪೋರ್ಟ್ ಟ್ರಂಕ್ ಅಲೌಡ್ ವಿಲ್ಯಾನ್ 30’ ಎಂದಷ್ಟೇ ಬರೆದರೆ ಹಳೆಯ ಪಟ್ಟಿ ಅಳಿಸಿಹೋಗಿ 30 ಮಾತ್ರ ಉಳಿಯುತ್ತದೆ. ಸಂಖ್ಯೆಯ ಮೊದಲು ‘ಆ್ಯಡ್’ ಎಂದು ಸೇರಿಸಲೇಬೇಕು. ಈ ಒಂದು ಪದ ಬಿಟ್ಟುಹೋದರೆ ಇಡೀ ಕಚೇರಿಯ ನೆಟ್‌ವರ್ಕ್ ನಿಂತುಬಿಡುತ್ತದೆ. ಇದನ್ನು ಪ್ಯಾಕೆಟ್ ಟ್ರೇಸರಿನಲ್ಲಿ ಒಮ್ಮೆ ಕೆಡಿಸಿ ಕಂಡವರು ಕೆಲಸದ ಜಾಗದಲ್ಲಿ ಕೆಡಿಸುವುದಿಲ್ಲ.

ಕೆಲಸದ ಜೊತೆಗೆ ಓದುವವರಿಗೆ ದಿನಕ್ಕೆ ಒಂದೂವರೆ ಗಂಟೆಯಂತೆ ಐದಾರು ತಿಂಗಳು ಬೇಕಾಗಬಹುದು. ಪ್ರಶ್ನೆಗಳು ಇಂಗ್ಲಿಷಿನಲ್ಲಿರುತ್ತವೆ, ಕೊನೆಯ ಎರಡು ತಿಂಗಳು ಮಾದರಿ ಪ್ರಶ್ನೆಗಳನ್ನು ಗಡಿಯಾರ ಇಟ್ಟುಕೊಂಡು ಬಿಡಿಸಿ. ದೀರ್ಘ ಪ್ರಶ್ನೆಯ ಕೊನೆಯ ವಾಕ್ಯವನ್ನು ಮೊದಲು ಓದಿ, ಏನು ಕೇಳಿದ್ದಾರೆಂದು ತಿಳಿದ ಮೇಲೆ ಚಿತ್ರ ಮತ್ತು ವಿವರಕ್ಕೆ ಬನ್ನಿ. ಒಮ್ಮೆ ಮುಂದೆ ಹೋದರೆ ಹಿಂದಿನ ಪ್ರಶ್ನೆಗೆ ಮರಳಲು ಅವಕಾಶವಿಲ್ಲದ ಕಾರಣ, ಒಂದೇ ಪ್ರಶ್ನೆಗೆ ಜೋತುಬಿದ್ದು ಲ್ಯಾಬ್ ಪ್ರಶ್ನೆಗಳ ಸಮಯ ಕಳೆದುಕೊಳ್ಳಬೇಡಿ. ಅಕಸ್ಮಾತ್ ಫೇಲಾದರೆ ಐದು ದಿನಗಳ ನಂತರ ಮತ್ತೆ ಬರೆಯಬಹುದು, ಆದರೆ ಶುಲ್ಕವನ್ನು ಮತ್ತೆ ಪೂರ್ತಿ ಕಟ್ಟಬೇಕು.

ಪ್ರಶ್ನೆ: ಚಿತ್ರದುರ್ಗದಲ್ಲಿ ಬಿಸಿಎ ಓದುತ್ತಿದ್ದೇನೆ, ನಮ್ಮ ಮನೆ ಹೊಸದುರ್ಗ ತಾಲ್ಲೂಕಿನ ಹಳ್ಳಿಯಲ್ಲಿದೆ. ಸಿಸಿಎನ್ಎ ಪರೀಕ್ಷೆಯನ್ನು ಮನೆಯಿಂದಲೇ ಬರೆಯುವುದು ಒಳ್ಳೆಯದೋ, ಕೇಂದ್ರಕ್ಕೆ ಹೋಗುವುದೋ?

ಉತ್ತರ: ಎರಡಕ್ಕೂ ಅವಕಾಶವಿದೆ, ಪರೀಕ್ಷೆ ನಡೆಸುವ ಪಿಯರ್ಸನ್ ವ್ಯೂ ಜಾಲತಾಣದಲ್ಲಿ ನಿಮಗೆ ಹತ್ತಿರದ ಕೇಂದ್ರಗಳೂ ಖಾಲಿಯಿರುವ ದಿನಾಂಕಗಳೂ ಕಾಣುತ್ತವೆ. ನಿಮ್ಮ ಪರಿಸ್ಥಿತಿಯಲ್ಲಿ ನಾನು ಕೇಂದ್ರವನ್ನೇ ಆರಿಸಿಕೊಳ್ಳಿ ಎನ್ನುತ್ತೇನೆ. ಮನೆಯಿಂದ ಬರೆಯುವಾಗ ಕ್ಯಾಮೆರಾದ ಮೂಲಕ ನಿಮ್ಮ ಮೇಲೆ ಸದಾ ಕಣ್ಣಿಟ್ಟಿರುತ್ತಾರೆ, ಕೋಣೆಗೆ ಬೇರೆ ಯಾರೂ ಬರುವಂತಿಲ್ಲ, ಮೊಬೈಲ್ ಮುಟ್ಟುವಂತಿಲ್ಲ. ಅಜ್ಜಿ ಊಟಕ್ಕೆ ಕರೆಯಲು ಬಾಗಿಲು ತೆರೆದರೂ ಪರೀಕ್ಷೆ ಅಲ್ಲಿಗೇ ನಿಲ್ಲಬಹುದು. ಕರೆಂಟ್ ಹೋದರೆ ಲ್ಯಾಪ್‌ಟಾಪ್ ಬ್ಯಾಟರಿಯಲ್ಲಿ ನಡೆದೀತು, ಆದರೆ ವೈಫೈ ರೂಟರಿಗೆ ಯುಪಿಎಸ್ ಇಲ್ಲದಿದ್ದರೆ ಸಂಪರ್ಕ ಕಡಿದುಹೋಗುತ್ತದೆ. ಕೇಂದ್ರದಲ್ಲಿ ಈ ಚಿಂತೆಗಳಿಲ್ಲ, ಜೊತೆಗೆ ಸಬ್‌ನೆಟ್ ಲೆಕ್ಕ ಮಾಡಲು ಬರೆದು ಅಳಿಸುವ ಹಾಳೆ ಕೊಡುತ್ತಾರೆ.

ಹಣ ಕಟ್ಟುವ ಮೊದಲು ಹೆಸರನ್ನು ಒಮ್ಮೆ ಪರಿಶೀಲಿಸಿಕೊಳ್ಳಿ. ನಮ್ಮ ಕಡೆ ಅಂಕಪಟ್ಟಿಯಲ್ಲಿ ಇನಿಷಿಯಲ್ ಮುಂದೆ, ಗುರುತಿನ ಚೀಟಿಯಲ್ಲಿ ತಂದೆಯ ಹೆಸರು ಹಿಂದೆ ಇರುವುದು ಸಾಮಾನ್ಯ. ನೋಂದಣಿಯಲ್ಲಿ ಕೊಟ್ಟ ಹೆಸರು, ಪರೀಕ್ಷೆಯ ದಿನ ತೋರಿಸುವ ಗುರುತಿನ ಚೀಟಿಯಲ್ಲಿರುವ ಹೆಸರಿಗೆ ಹೊಂದದಿದ್ದರೆ ಒಳಗೆ ಬಿಡುವುದಿಲ್ಲ, ಶುಲ್ಕವೂ ಕೈತಪ್ಪಬಹುದು. ಯಾವ ಚೀಟಿಗಳು ನಡೆಯುತ್ತವೆ ಎಂಬ ಪಟ್ಟಿ ಅದೇ ಜಾಲತಾಣದಲ್ಲಿದೆ. ಅದನ್ನು ನೋಡಿ, ಚೀಟಿಯಲ್ಲಿ ಇರುವಂತೆಯೇ ಅಕ್ಷರ ತಪ್ಪದೆ ಖಾತೆ ತೆರೆಯಿರಿ.